ಪಾರ್ಟಿಷನ್

ಲ್ಯಾಟಿನ್‌ನಲ್ಲಿ ‘ಪಾರ್ಸ್’ ಎಂದರೆ ಭಾಗ. ಅದರಿಂದ ಹುಟ್ಟಿದ ‘ಪಾರ್ಟಿಷನ್’ ನಮ್ಮ ಹಳ್ಳಿಗಳಿಗೆ ಕಂಪ್ಯೂಟರಿಗಿಂತ ಮೊದಲೇ ಕೋರ್ಟಿನ ದಾರಿಯಲ್ಲಿ ಬಂತು. ಅಣ್ಣತಮ್ಮಂದಿರು ಜಮೀನು ‘ಪಾರ್ಟಿಷನ್ ಮಾಡಿಕೊಂಡರು’ ಎಂದರೆ ವಿವರಿಸಬೇಕಿಲ್ಲ. ಹಾರ್ಡ್ ಡಿಸ್ಕಿನಲ್ಲೂ ಅದೇ ಕೆಲಸ: ಡಿಸ್ಕ್ ಒಂದೇ, ಎಲ್ಲೆಗಳು ಬೇರೆ ಬೇರೆ. ಎಲ್ಲೆಗಳ ಲೆಕ್ಕ ಡಿಸ್ಕಿನ ಆರಂಭದಲ್ಲೇ ‘ಪಾರ್ಟಿಷನ್ ಟೇಬಲ್’ ಎಂಬ ಒಂದು ಪಟ್ಟಿಯಲ್ಲಿರುತ್ತದೆ. ಹಳೆಯ ಎಂಬಿಆರ್ ಪಟ್ಟಿಯಲ್ಲಿ 4 ಮುಖ್ಯ ಪಾಲು, ಈಗಿನ ಜಿಪಿಟಿಯಲ್ಲಿ ಸಾಮಾನ್ಯವಾಗಿ 128.

ಕಂಪ್ಯೂಟರಿಗೆ ಉಬುಂಟು ಲಿನಕ್ಸ್ ಹಾಕುವಾಗ ‘ರೂಟ್ ಫೈಲ್ ಸಿಸ್ಟಂ ಗೊತ್ತುಮಾಡಿಲ್ಲ’ ಎಂಬ ತಕರಾರು ಬಂದರೆ ಗಾಬರಿ ಬೇಡ. ಪಾಲು ಮಾಡಿದ್ದೀರಿ, ಯಾವುದು ಯಾರಿಗೆಂದು ಬರೆದಿಲ್ಲ, ಅಷ್ಟೆ. ಲಿನಕ್ಸಿನ ಪಾಲನ್ನು ಆರಿಸಿ, ಮೌಂಟ್ ಪಾಯಿಂಟ್ ಜಾಗದಲ್ಲಿ ಒಂದು ಓರೆಗೆರೆ (/) ಕೊಡಿ.

ಕನ್ನಡದಲ್ಲಿ ಪಾರ್ಟಿಷನ್ ಅನ್ನು ‘ವಿಭಜನೆ’ ಎನ್ನುವವರಿದ್ದಾರೆ. ನನಗೆ ‘ಪಾಲು’ ಸಾಕು. ಪಾರ್ಟಿಷನ್ ಟೇಬಲ್‌ಗಂತೂ ‘ಪಾಲುಪಟ್ಟಿ’ ಎಂಬ ಪದ ಸಿದ್ಧವಾಗಿಯೇ ಇದೆ.