ಮೆಶ್ ಜಾಲ ಅಂದ್ರೇನು? ತೆಂಗಿನ ಸೀಮೆಗೆ ಒಗ್ಗುತ್ತಾ?

ಹುಳಿಯಾರು: ರಸ್ತೆ ಅಗೆಯುವಾಗ ಫೈಬರ್ ಕೇಬಲ್ ತುಂಡಾಯ್ತು ಅಂದ್ರೆ ಅಂಗಡಿಯ ಫೋನ್‌ಪೇ, ಆನ್‌ಲೈನ್ ಅರ್ಜಿ ಎಲ್ಲಾ ನಿಂತುಹೋಗುತ್ತವೆ. ಇದಕ್ಕೆ ಪರ್ಯಾಯವಾಗಿ ಕೇಳಿಬರುತ್ತಿರುವುದು ಊರಿನವರೇ ಸೇರಿ ಕಟ್ಟಿಕೊಳ್ಳುವ ಮೆಶ್ ಜಾಲ.

ಇದರಲ್ಲಿ ಒಂದು ಮನೆಯ ರೌಟರ್ ಪಕ್ಕದ ಮನೆಯ ರೌಟರ್ ಜತೆ ತಂತಿಯಿಲ್ಲದೆ ಮಾತಾಡುತ್ತದೆ, ಅದು ಮುಂದಿನದರ ಜತೆ. ನಡುವೆ ಒಂದು ಕೆಟ್ಟರೆ ಮಾಹಿತಿ ಬೇರೆ ದಾರಿ ಹಿಡಿದು ಹೋಗುತ್ತದೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಬೆಂಗಳೂರಿನ ಜನಸ್ತು ಸಂಸ್ಥೆ ಹಳ್ಳಿಯವರ ಜತೆ ಸೇರಿ 'ಕೌಮೆಶ್' ಹೆಸರಿನಲ್ಲಿ ಇಂಥದ್ದನ್ನೇ ಮಾಡಿ ನೋಡಿದೆ. ಸ್ಪೇನ್ ದೇಶದಲ್ಲಿ ಕಂಪನಿಗಳು ಹಳ್ಳಿಗೆ ಬರಲಿಲ್ಲವೆಂದು 2004ರಲ್ಲಿ ಶುರುವಾದ 'ಗಿಫಿ' ಜಾಲಕ್ಕೆ ಈಗ 30 ಸಾವಿರಕ್ಕೂ ಹೆಚ್ಚು ಕೊಂಡಿಗಳಿವೆ.

ಆದರೆ ಒಂದು ವಿಷಯದಲ್ಲಿ ಮೋಸಹೋಗಬಾರದು. ಮೆಶ್ ಅಂದ್ರೆ ಇಂಟರ್‌ನೆಟ್ ಅಲ್ಲ. ಹೊರಗಿನ ಲೈನ್ ಕಟ್ಟಾದರೆ ಊರೊಳಗಿನ ಸರ್ವರ್‌ನಲ್ಲಿಟ್ಟ ಪಾಠ, ಆಡಿಯೊ, ಸಂದೇಶ ಸಿಗುತ್ತವೆ. ಯುಪಿಐ ನಡೆಯೋದಿಲ್ಲ, ಯಾಕಂದ್ರೆ ಬ್ಯಾಂಕಿನ ಸರ್ವರ್ ಇರೋದು ಊರಾಚೆ. ಅದಕ್ಕಾಗಿ ಊರಿನ ಎರಡು ತುದಿಯಲ್ಲಿ ಎರಡು ಬೇರೆ ಕಂಪನಿಯ, ಬೇರೆ ಬೇರೆ ದಾರಿಯಲ್ಲಿ ಬರುವ ಲೈನ್ ಇರಬೇಕು. ಒಂದು ಹೋದರೆ ಇನ್ನೊಂದು.

ಮನೆಗೆಂದು ತಗೊಂಡ ಕನೆಕ್ಷನ್ನನ್ನು ಬೀದಿಗೆಲ್ಲ ಮಾರಲು ಕಂಪನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಾಗಾಗಿ ಅಂಗಡಿಯವರಿಗೆ ನೇರ ದಾರಿ ಎಂದರೆ ಕೇಂದ್ರ ಸಂಪುಟ 2020ರ ಡಿಸೆಂಬರ್‌ನಲ್ಲಿ ಒಪ್ಪಿದ ಪಿಎಂ-ವಾಣಿ ಯೋಜನೆ. ಇದರಲ್ಲಿ ಟೀ ಅಂಗಡಿಯವರೂ ಲೈಸೆನ್ಸ್ ಇಲ್ಲದೆ, ಶುಲ್ಕ ಕಟ್ಟದೆ ವೈಫೈ ಮಾರಬಹುದು. ಗ್ರಾಹಕರ ದೃಢೀಕರಣ, ಲೆಕ್ಕಪತ್ರ ನೋಡಿಕೊಳ್ಳುವ ಸಂಸ್ಥೆಯೊಂದರ ಜತೆ ಸೇರಿಕೊಳ್ಳಬೇಕು ಅಷ್ಟೆ.

ನಮ್ಮ ಕಡೆ ದೊಡ್ಡ ತೊಡಕು ತೆಂಗು. ವೈಫೈ ಅಲೆಗೆ ನೀರು ಕಂಡರೆ ಆಗದು. ಹಸಿ ಗರಿಯ ತುಂಬ ಇರುವುದೇ ನೀರು, ಮಳೆ ಬಂದರಂತೂ ಕೇಳೋದೇ ಬೇಡ. ಬಯಲಿನಲ್ಲಿ ಕಿಲೋಮೀಟರುಗಟ್ಟಲೆ ದಾಟುವ ಸಿಗ್ನಲ್ ನಾಲ್ಕು ಸಾಲು ಮರದೊಳಗೆ ಸೊರಗಿಹೋಗುತ್ತದೆ. ಆಂಟೆನಾ ಮರಗಳ ಸುಳಿಗಿಂತ ಮೇಲಿರಬೇಕು. ಓವರ್‌ಹೆಡ್ ಟ್ಯಾಂಕ್, ಎತ್ತರದ ಕಟ್ಟಡ ಸಿಕ್ಕರೆ ಸಲೀಸು. ತೋಟದ ಮನೆಗಳಿಗೆ ಕಂಬವೇ ಗತಿ. ಕಂಬ ನೆಟ್ಟ ಮೇಲೆ ಸಿಡಿಲಿಗೆ ಅರ್ಥಿಂಗ್, ಕರೆಂಟ್ ಹೋದಾಗ ಬ್ಯಾಟರಿ ಬೇಕೇ ಬೇಕು. ಸಾಧಾರಣ ರೌಟರ್‌ಗಳಲ್ಲಿ ಒಂದೊಂದು ಮನೆ ದಾಟಿದಾಗಲೂ ವೇಗ ಹತ್ತಿರ ಹತ್ತಿರ ಅರ್ಧಕ್ಕಿಳಿಯುವುದರಿಂದ ಉದ್ದನೆಯ ಸರಪಳಿ ಮಾಡಬಾರದು.

ರೌಟರ್ ಖರ್ಚಿಗಿಂತ ಮೊದಲು ತೀರ್ಮಾನ ಆಗಬೇಕಾದ್ದು ಬೇರೆಯೇ ಇದೆ: ತಿಂಗಳ ಲೈನ್ ಬಾಡಿಗೆ ಯಾರು ವಸೂಲಿ ಮಾಡೋದು, ಗಾಳಿಗೆ ಆಂಟೆನಾ ತಿರುಗಿದಾಗ ಕಂಬ ಹತ್ತೋರು ಯಾರು.