ಎರೆನೆಲದ ಗಾಲಿ: ರೋಣ, ನರಗುಂದ, ಗಜೇಂದ್ರಗಡ ಸೀಮೆಯಲ್ಲಿ ಗಾಲಿಹಿಡಿತದ ಇತಿಹಾಸ

ಗಾಲಿ ಜಾರದೆ, ಹೂತುಹೋಗದೆ, ತಿರುಗಿದಷ್ಟೂ ಮುಂದಕ್ಕೆ ಸಾಗುವುದಕ್ಕೆ ಗಾಲಿಹಿಡಿತ ಎನ್ನಬಹುದು. ಹಿಮ ಬೀಳುವ ನಾಡುಗಳಲ್ಲಿ ಇದಕ್ಕಾಗಿ ಟೈರಿಗೆ ಕಬ್ಬಿಣದ ಸರಪಳಿ ತೊಡಿಸುತ್ತಾರೆ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳು ಹಿಮ ಕಂಡವಲ್ಲ. ಆದರೆ ಮಳೆ ಬಿದ್ದ ಎರೆಮಣ್ಣಿನಲ್ಲಿ ಅದೇ ತೊಡಕು ಇಲ್ಲಿ ಪ್ರತಿವರ್ಷ ಎದುರಾಗುತ್ತದೆ. ಚಕ್ಕಡಿಯ ಬಗ್ಗೆ ಬರೆದವರು ಇಡೀ ದಖನ್ನನ್ನು ಒಂದೇ ನೆಲವೆಂದು ಭಾವಿಸಿದ್ದಾರೆ. ಟ್ರ್ಯಾಕ್ಟರಿನ ಬಗ್ಗೆ ಬರೆದವರ ಕಣ್ಣು ಹೆಚ್ಚಾಗಿ ಭತ್ತದ ಗದ್ದೆಯ ಮೇಲಿದೆ. ಎರೆಹೊಲದ ಗಾಲಿಯನ್ನು ಬೇರೆಯಾಗಿಯೇ ನೋಡಬೇಕಾಗಿದೆ.

ನೆಲದ ಗುಣ

ನರಗುಂದ ಮತ್ತು ರೋಣದ ಬಹುಪಾಲು ಹೊಲ ಎರೆ. ಗಜೇಂದ್ರಗಡದ ಕಡೆ ಗುಡ್ಡ ಏರಿದಂತೆ ಕಲ್ಲು, ಗರಸು, ಮಸಾರಿ ನೆಲ ಸಿಗುತ್ತದೆ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜಾತಿಯ ಜೇಡಿ ಹೆಚ್ಚು. ಅದರ ಪದರುಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯ ಬಿರುಕಿನೊಳಗೆ ಮುಂಗೈ ಇಳಿಯುವುದನ್ನು ಇಲ್ಲಿನ ರೈತರೆಲ್ಲ ಕಂಡಿದ್ದಾರೆ.

ಗಾಲಿಗೆ ಈ ಮಣ್ಣು ಎರಡು ಬಗೆಯಲ್ಲಿ ಕಾಡುತ್ತದೆ. ಸಣ್ಣ ಮಳೆ ಬಂದಾಗ ಮೇಲಿನ ಎರಡು ಬೆರಳಿನಷ್ಟು ಮಾತ್ರ ತೊಯ್ದು ಬೆಣ್ಣೆಯಂತಾಗುತ್ತದೆ, ಕೆಳಗೆ ನೆಲ ಗಟ್ಟಿಯೇ ಇರುತ್ತದೆ. ಆಗ ಗಾಡಿ ಜಾರುತ್ತದೆ. ಜಡಿಮಳೆ ಹಿಡಿದಾಗ ಮೊಣಕಾಲುದ್ದ ರಾಡಿಯಾಗುತ್ತದೆ. ಆಗ ಗಾಡಿ ಹೂತುಕೊಳ್ಳುತ್ತದೆ. ಈ ಜಾರುವುದನ್ನೂ ಹೂತುಕೊಳ್ಳುವುದನ್ನೂ ಒಂದೇ ಎಂದು ತಿಳಿದದ್ದೇ ಈ ವಿಷಯದ ಬಹುತೇಕ ಗೊಂದಲಗಳ ಮೂಲ.

ಹೇರು ಮತ್ತು ಬಂಡಿ

ಮಧ್ಯಯುಗದ ಕನ್ನಡ ಶಾಸನಗಳಲ್ಲಿ ಸುಂಕದ ಲೆಕ್ಕ ಹೇರಿಗೆ ಇಷ್ಟು, ಬಂಡಿಗೆ ಇಷ್ಟು ಎಂದು ಬರುತ್ತದೆ. ಹೇರು ಎಂದರೆ ಎತ್ತಿನ ಬೆನ್ನಿನ ಹೊರೆ. ಕಲ್ಯಾಣ ಚಾಳುಕ್ಯರ ಕಾಲದಲ್ಲಿ ಟಂಕಸಾಲೆಯಿದ್ದ ಈ ಸೀಮೆಯ ಸೂಡಿಯಂಥ ಊರಿಗೂ ಸರಕು ಈ ಎರಡು ಬಗೆಯಲ್ಲೇ ಬಂದಿರಬೇಕು. ಮುಂದೆ ದೂರದ ವ್ಯಾಪಾರವನ್ನು ಲಂಬಾಣಿಗರ ಹೇರೆತ್ತುಗಳು ಹೊತ್ತವು. ರಾಡಿಯಲ್ಲಿ ಗಾಲಿಗಿಂತ ಗೊರಸು ಮೇಲು: ಊರಿದಾಗ ಸೀಳುಗೊರಸು ಅಗಲವಾಗುತ್ತದೆ, ಎತ್ತುವಾಗ ಕೂಡಿಕೊಂಡು ಸಲೀಸಾಗಿ ಹೊರಬರುತ್ತದೆ.

ಕಲ್ಲುಗಾಲಿಯ ಪ್ರಶ್ನೆ

19ನೆಯ ಶತಮಾನದ ಮುಂಬಯಿ ಪ್ರಾಂತ್ಯದ ಗೆಜೆಟಿಯರುಗಳು ದಖನ್ನಿನ ಹಳೆಯ ಗಾಡಿಗಳಿಗೆ ಒಂದೇ ಕಲ್ಲಿನಿಂದ ಕಡೆದ ಇಡಿಗಾಲಿಗಳಿದ್ದವು ಎನ್ನುತ್ತವೆ. 1830ರ ದಶಕದಲ್ಲಿ ಗೈಸ್‌ಫೋರ್ಡ್ ಎಂಬ ಫಿರಂಗಿ ದಳದ ಅಧಿಕಾರಿ ಸೊಲ್ಲಾಪುರ ಸೀಮೆಯ ಟೆಂಭುರ್ಣಿಯಲ್ಲಿ ಸುಧಾರಿಸಿದ ಗಾಡಿಯನ್ನು ಬಳಕೆಗೆ ತಂದ ಸಂಗತಿಯೂ ಅವುಗಳಲ್ಲಿದೆ. ಇದನ್ನು ಓದಿದ ಕೆಲವರು ಅರಗಳುಳ್ಳ ಹಗುರ ಗಾಲಿ ಕನ್ನಡನಾಡಿಗೆ ಇಂಗ್ಲಿಷರಿಂದಲೇ ಬಂತು ಎಂದು ಬರೆದುಬಿಟ್ಟಿದ್ದಾರೆ. ಈ ಮಾತು ನಿಲ್ಲುವುದಿಲ್ಲ. ಹಳೇಬೀಡಿನ ಯುದ್ಧದ ಸಾಲುಶಿಲ್ಪಗಳಲ್ಲಿ ರಥಗಳಿಗೆ ಅರಗಳ ಗಾಲಿಗಳಿವೆ. ಅಂದರೆ ಅರ ಕೂಡಿಸುವ ಬಡಿಗನ ಜಾಣ್ಮೆ ಇಲ್ಲಿ ಶತಮಾನಗಳಷ್ಟು ಹಳೆಯದು. 19ನೆಯ ಶತಮಾನದಲ್ಲಿ ಬದಲಾದದ್ದು ಬೇರೆ: ಕಬ್ಬಿಣ ಅಗ್ಗವಾಯಿತು, ಸಾಮಾನ್ಯ ರೈತನ ಗಾಲಿಗೂ ಕಬ್ಬಿಣದ ಬಳೆ, ಅಂದರೆ ಹಳಿ, ಬಂತು. ಟೆಂಭುರ್ಣಿಯ ಮಾತನ್ನು ಮಲಪ್ರಭೆಯ ದಂಡೆಗೆ ಹಾಗೆಯೇ ಹಚ್ಚುವುದು ಸಲ್ಲದು.

ಹಳಿ ಮತ್ತು ಹತ್ತಿ

ಹಳಿ ಕೂಡಿಸುವುದು ಕಂಬಾರನೂ ಬಡಿಗನೂ ಸೇರಿ ಮಾಡುವ ಕೆಲಸ. ಕಬ್ಬಿಣದ ಬಳೆಯನ್ನು ಗಾಲಿಯ ಸುತ್ತಳತೆಗಿಂತ ತುಸು ಸಣ್ಣದಾಗಿಯೇ ಬೆಸೆಯುತ್ತಾರೆ. ನೆಲದ ಮೇಲೆ ಕುಳ್ಳನ್ನು ವರ್ತುಲವಾಗಿ ಒಟ್ಟಿ, ನಡುವೆ ಬಳೆಯಿಟ್ಟು ಬೆಂಕಿ ಹಾಕುತ್ತಾರೆ. ಕೆಂಪಗೆ ಕಾದು ಹಿಗ್ಗಿದ ಬಳೆಯನ್ನು ನಾಲ್ಕು ಮಂದಿ ಇಕ್ಕಳದಿಂದ ಎತ್ತಿ ಕಟ್ಟಿಗೆಯ ಗಾಲಿಗೆ ಇಳಿಸಿ ಸುತ್ತಿಗೆಯಿಂದ ಬಡಿಯುವಾಗ ಗಾಲಿಯ ಅಂಚು ಹೊಗೆಯಾಡುತ್ತದೆ. ಕೂಡಲೇ ಕೊಡಗಟ್ಟಲೆ ನೀರು ಸುರಿಯುತ್ತಾರೆ. ಬಳೆ ಕುಗ್ಗುತ್ತದೆ, ಗುಂಭ, ಅರ, ಅಂಚು ಎಲ್ಲವೂ ಬಿಗಿದುಕೊಂಡು ಕಿರ್ರೆನ್ನುತ್ತವೆ. ಮೊಳೆಯಿಲ್ಲದೆ ಕೂತ ಆ ಹಳಿ ವರ್ಷಗಟ್ಟಲೆ ಕದಲುವುದಿಲ್ಲ.

ಇಂಥ ಚಕ್ಕಡಿಗಳು ಎರೆನಾಡಿನ ಹತ್ತಿಯನ್ನು ಕುಮಟೆಯ ಬಂದರಿಗೆ ಸಾಗಿಸಿದವು. ಬಂದರಿನ ಹೆಸರೇ ಸರಕಿಗೂ ಅಂಟಿ, ಧಾರವಾಡ ಸೀಮೆಯ ದೇಶಿ ಹತ್ತಿ ಪೇಟೆಯಲ್ಲಿ ‘ಕುಮಟಾ’ ಎನಿಸಿಕೊಂಡಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಲ್ಲಿನ ಹತ್ತಿಗೆ ಬೇಡಿಕೆ ಏರಿತು, ರಸ್ತೆಗಳಿಗೂ ಒತ್ತಡ ಬಂತು. 1884ರಲ್ಲಿ ಗದಗ–ಹೊಟಗಿ ರೈಲು ಹಾದಿ ಬಂದ ಮೇಲೆ ರೋಣ ಸೀಮೆಯ ಚಕ್ಕಡಿಗಳು ಮಲ್ಲಾಪುರ, ಹೊಳೆಆಲೂರಿನಂಥ ನಿಲ್ದಾಣಗಳ ಕಡೆ ತಿರುಗಿದವು.

ಈ ಕಾಲದ ಬರಹಗಳಲ್ಲಿ ಚಕ್ಕಡಿ ರಾಡಿಯನ್ನು ಹೇಗೆ ಗೆದ್ದಿತು ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅದು ಗೆಲ್ಲಲಿಲ್ಲ, ರಾಡಿಗೆ ಇಳಿಯಲೇ ಇಲ್ಲ ಎಂಬುದೇ ಸರಿಯಾದ ಉತ್ತರ. ಎರೆ ಮುಖ್ಯವಾಗಿ ಹಿಂಗಾರಿ ನೆಲ. ಜೋಳ, ಕಡಲೆ, ಗೋದಿ, ಕುಸುಬೆಗಳನ್ನು ಮಳೆಗಾಲದ ಕೊನೆಗೆ ಬಿತ್ತಿ, ನೆಲದಲ್ಲಿ ಉಳಿದ ಹಸಿಯಿಂದ ಬೆಳೆದು, ನೆಲ ಒಣಗಿದ ಮೇಲೆ ರಾಶಿ ಮಾಡುತ್ತಿದ್ದರು. ಹತ್ತಿ ಬಿಡಿಸುವುದು ಬೇಸಿಗೆಯ ಬಾಯಿಗೆ. ಗಾಡಿ ತುಂಬುವ ಹೊತ್ತಿಗೆ ಎರೆ ಕಲ್ಲಿನಂತಿರುತ್ತಿತ್ತು. ಮಳೆ ವರಪು ಕೊಡುವವರೆಗೆ ಕಾಯುವುದು ಇಲ್ಲಿನ ಬೇಸಾಯದ ಪಂಚಾಂಗದಲ್ಲೇ ಸೇರಿತ್ತು. ಗಾಲಿಯ ಇತಿಹಾಸ ಬರೆಯುವವರು ಬೆಳೆಯ ಇತಿಹಾಸ ಮರೆತರೆ ಈ ಮಾತು ಕೈತಪ್ಪುತ್ತದೆ.

ರಬ್ಬರ್ ಗಾಲಿ

ಕಿರಿದಾದ ಕಬ್ಬಿಣದ ಹಳಿ ರಸ್ತೆಯನ್ನು ಕೊರೆಯುತ್ತದೆ ಎಂಬ ದೂರು ರಸ್ತೆ ಇಲಾಖೆಗಳಲ್ಲಿ ಬಹಳ ಹಳೆಯದು. 1930ರ ದಶಕದಲ್ಲಿ ಡನ್ಲಪ್ ಕಂಪನಿ ಎತ್ತಿನ ಗಾಡಿಗೆಂದೇ ಗಾಳಿ ತುಂಬಿದ ಟೈರನ್ನು ಭಾರತದಲ್ಲಿ ತಂದಿತು. ಮುಂದೆ ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ ಎತ್ತಿನ ಹೆಗಲಿನ ನೋವನ್ನು ಮುಂದಿಟ್ಟುಕೊಂಡು ಗಾಡಿ ಸುಧಾರಣೆಗಾಗಿ ದಶಕಗಳ ಕಾಲ ದುಡಿದರು. ಡಾಂಬರು ರಸ್ತೆಯಲ್ಲಿ ಎಳೆತ ಹಗುರವಾಗುತ್ತದೆ ಎಂಬ ಅವರ ಕಡೆಯವರ ವಾದ ನಿಜ. ಆದರೆ ಹಸಿ ಎರೆಯಲ್ಲಿ ಲೆಕ್ಕ ತಿರುಗುತ್ತದೆ. ಎತ್ತರದ ಹಳೆಯ ಗಾಲಿ ತೆಳ್ಳಗಿದ್ದುದರಿಂದ ಮೇಲಿನ ತೆಳು ಜಾರುಪದರ ಸೀಳಿ ಕೆಳಗಿನ ಗಟ್ಟಿನೆಲ ಮುಟ್ಟುತ್ತಿತ್ತು. ಗಿಡ್ಡನೆಯ ರಬ್ಬರ್ ಗಾಲಿ ಅಂಟುಮಣ್ಣನ್ನು ಸುತ್ತಿಕೊಂಡು ಉಂಡೆಯಾಗುತ್ತದೆ. ಹಳೆಯ ಚಕ್ಕಡಿ ಬಿಡಲೊಲ್ಲದ ರೈತರನ್ನು ಸುಧಾರಣೆಯ ಬರಹಗಳು ಹಟಮಾರಿಗಳೆಂದು ಕರೆದದ್ದು ಅನ್ಯಾಯ. ಅವರಿಗೆ ಅವರ ನೆಲ ಗೊತ್ತಿತ್ತು.

ಕಾಲುವೆ, ಟ್ರ್ಯಾಕ್ಟರ್, ಪಿಕಪ್

ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ 1970ರ ದಶಕದಲ್ಲಿ ನರಗುಂದ ಭಾಗಕ್ಕೆ ಕಾಲುವೆ ಬಂತು. ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈ 21ರಂದು ಸಿಡಿದ ನರಗುಂದದ ರೈತ ಬಂಡಾಯವನ್ನು ಬೇರೆಡೆ ವಿವರವಾಗಿ ಬರೆಯಲಾಗಿದೆ. ಗಾಲಿಯ ಮಟ್ಟಿಗೆ ಮುಖ್ಯವಾದದ್ದು ಬೆಳೆಯ ತಿರುವು. ಗೋವಿನಜೋಳ, ಹೆಸರು, ಉಳ್ಳಾಗಡ್ಡಿ ಹೆಚ್ಚಿದವು. ಹೆಸರಿನ ರಾಶಿಯೂ ಉಳ್ಳಾಗಡ್ಡಿ ಕೀಳುವುದೂ ಮಳೆಯ ತಿಂಗಳುಗಳಿಗೇ ಬೀಳುತ್ತವೆ. ವರಪಿಗಾಗಿ ಕಾಯುತ್ತಿದ್ದ ಗಾಡಿ ಮೊದಲ ಸಲ ರಾಡಿಗೆ ಇಳಿಯಲೇಬೇಕಾಯಿತು. ಈ ಲೇಖನ ನಿಜವಾದ ತಿರುವೆಂದು ಎಣಿಸುವುದು ಇದನ್ನೇ, ರಬ್ಬರ್ ಟೈರನ್ನಲ್ಲ.

ಟ್ರ್ಯಾಕ್ಟರು ಈ ಕೆಲಸಕ್ಕೆ ಸಜ್ಜಾಗಿಯೇ ಬಂತು. 1932ರಲ್ಲಿ ಅಮೆರಿಕದ ಆಲಿಸ್–ಚಾಮರ್ಸ್ ಕಂಪನಿ ಮುಳ್ಳುಗಬ್ಬಿಣದ ಗಾಲಿ ಬಿಟ್ಟು ಗಾಳಿಟೈರು ಹಾಕಿದ ಮೇಲೆ ಓರೆಗಟ್ಟುಗಳ ದೊಡ್ಡ ಟೈರು ಎಲ್ಲೆಡೆ ರೂಢಿಯಾಯಿತು. ಆ ಗಟ್ಟುಗಳ ನಡುವಿನ ಅಗಲ ಸಂದು ತಿರುಗುತ್ತಲೇ ಮಣ್ಣು ಉದುರಿಸಿಕೊಳ್ಳುತ್ತದೆ. ಭಾರ ಬೇಕಾದಾಗ ಟೈರಿನೊಳಗೆ ನೀರು ತುಂಬಿಸುತ್ತಾರೆ. ಭತ್ತದ ಗದ್ದೆಯ ಕಬ್ಬಿಣಪಟ್ಟಿಗಳ ಪಂಜರಗಾಲಿಯನ್ನು, ಅಂದರೆ ಕೇಜ್ ವೀಲನ್ನು, ಎರೆಗೂ ಸೂಚಿಸುವ ಕೈಪಿಡಿಗಳಿವೆ. ಅದು ನೀರು ನಿಂತ ಕೆಸರಿಗೆ ಸರಿ. ಅರೆಹಸಿ ಎರೆಯಲ್ಲಿ ಪಟ್ಟಿಗಳ ನಡುವೆ ಮಣ್ಣು ಮೆತ್ತಿ ಇಡೀ ಪಂಜರ ಒಂದು ಪಿಪಾಯಿಯಾಗುತ್ತದೆ. ಡಾಂಬರು ರಸ್ತೆಯನ್ನೂ ಅದು ಕಿತ್ತುಹಾಕುತ್ತದೆ.

2005ರಲ್ಲಿ ಟಾಟಾ ಏಸ್ ಪೇಟೆಗೆ ಬಂದ ಮೇಲೆ ಸಣ್ಣ ಗೂಡ್ಸ್ ಗಾಡಿಗಳು ಹೊಲದ ಬದುವಿನವರೆಗೆ ಬರತೊಡಗಿದವು, ಬೊಲೆರೊ ಪಿಕಪ್‌ಗಳು ಜೊತೆಗೂಡಿದವು. ಇವುಗಳಲ್ಲಿ ಹೆಚ್ಚಿನವು ಹಿಂಗಾಲಿಯಿಂದ ಓಡುತ್ತವೆ. ಖಾಲಿ ಇದ್ದಾಗ ಹಿಂಭಾಗ ಹಗುರ, ಗಾಲಿ ತಿರುಗಿದಲ್ಲೇ ತಿರುಗುತ್ತದೆ. ತುಂಬಿದಾಗ ಭಾರಕ್ಕೆ ಹೂತುಕೊಳ್ಳುತ್ತದೆ.

ಸರಪಳಿ

ಟೈರಿನ ಸರಪಳಿಗೆ 1904ರಲ್ಲಿ ಪೇಟೆಂಟ್ ಪಡೆದವನು ನ್ಯೂಯಾರ್ಕ್ ರಾಜ್ಯದ ಕನಸ್ಟೋಟಾದ ಹ್ಯಾರಿ ವೀಡ್. ರಾಡಿಯಲ್ಲೂ ಹಿಮದಲ್ಲೂ ಜನ ಟೈರಿಗೆ ಹಗ್ಗ, ಬಳ್ಳಿ ಸುತ್ತುವುದನ್ನು ಕಂಡು ಅವನಿಗೆ ಇದು ಹೊಳೆಯಿತೆಂದು ಹೇಳುತ್ತಾರೆ. ಭಾರತದಲ್ಲಿ ಸರಪಳಿಯ ನಿಜವಾದ ನೆಲೆ ಜೊಜಿ ಲಾ, ರೋಹ್ತಾಂಗ್, ಸೇಲಾ ಕಣಿವೆಗಳ ಚಳಿಗಾಲ. ಕನ್ನಡನಾಡಿನ ಯೋಧರೂ ಚಾಲಕರೂ ಅದನ್ನು ಕಣ್ಣಾರೆ ಕಾಣುವುದು ಅಲ್ಲಿಯೇ. ಅಲ್ಲಿಗೆ ಭಾರದ ಪಿಕಪ್ ಒಯ್ಯುವವರು ಟೈರಿನ ಪಕ್ಕದಲ್ಲಿ ಬರೆದ ಅಳತೆಗೆ ಸರಿಹೊಂದುವ ಸರಪಳಿಯನ್ನೇ ಕೊಳ್ಳಬೇಕು, ಎಂಜಿನ್ ತಿರುಗಿಸುವ ಗಾಲಿಗೇ ಅದನ್ನು ತೊಡಿಸಬೇಕು. ಏಣಿಯಂತೆ ಅಡ್ಡಸಾಲಿರುವ ಸರಪಳಿಗಿಂತ ವಜ್ರಾಕಾರದ ಹೆಣಿಗೆ ಪಕ್ಕಕ್ಕೆ ಜಾರುವುದನ್ನು ಚೆನ್ನಾಗಿ ತಡೆಯುತ್ತದೆ. ಸ್ವಲ್ಪ ದೂರ ಹೋಗಿ ನಿಲ್ಲಿಸಿ ಮತ್ತೆ ಬಿಗಿಯಬೇಕು, ಬರಿಯ ರಸ್ತೆ ಸಿಕ್ಕೊಡನೆ ಬಿಚ್ಚಬೇಕು.

ಎರೆಗೆ ಸರಪಳಿ ಸಲ್ಲುತ್ತದೆಯೇ? ಗಟ್ಟಿನೆಲದ ಮೇಲೆ ತೆಳು ಜಾರು ಇರುವಾಗ ತಕ್ಕಮಟ್ಟಿಗೆ ಸಲ್ಲುತ್ತದೆ. ಕೊಂಡಿಗಳು ಜಾರುಪದರ ಸೀಳಿ ಕೆಳಗೆ ಹಿಡಿಯುತ್ತವೆ. ಮೊಣಕಾಲುದ್ದದ ರಾಡಿಯಲ್ಲಿ ಅದೇ ಸರಪಳಿ ಗಾಲಿಯ ಕೆಳಗೆ ಗುಂಡಿ ತೋಡುತ್ತದೆ. ಹಿಮ ಕೊಂಡಿಯಿಂದ ಉದುರುತ್ತದೆ, ಎರೆ ಉದುರುವುದಿಲ್ಲ.

ನೆಲದ ಕಡೆಯ ಉತ್ತರ

ಆದ್ದರಿಂದ ಈ ಸೀಮೆಯಲ್ಲಿ ಗಾಲಿಗೆ ಏನು ತೊಡಿಸಬೇಕು ಎಂಬುದಕ್ಕಿಂತ ಗಾಲಿಯ ಕೆಳಗೆ ಏನು ಹಾಕಬೇಕು ಎಂಬುದೇ ದೊಡ್ಡ ಪ್ರಶ್ನೆ. ಸಿಕ್ಕಿಬಿದ್ದ ಗಾಡಿಗೆ ಜಾಲಿ ಕಂಟಿ, ಕಲ್ಲು, ಹತ್ತಿಕಟ್ಟಿಗೆ ಒಡ್ಡುವುದು ಇದರ ಸಣ್ಣ ರೂಪ. ಹೊಲದ ದಾರಿಗೆ ಗರಸು ಹಾಸುವುದು ದೊಡ್ಡ ರೂಪ. ಉದ್ಯೋಗ ಖಾತ್ರಿಯಡಿ ಹೊಲದ ದಾರಿಗಳು ಆಗಿವೆ. ಬದಿಗೆ ಚರಂಡಿ ತೋಡದೆ ಬರಿಯ ಎರೆಯ ಮೇಲೆ ತೆಳುವಾಗಿ ಗರಸು ಚೆಲ್ಲಿದರೆ ಅದು ಕೆಲವೇ ಮಳೆಗಾಲಗಳಲ್ಲಿ ಒಳಗಿಳಿದುಹೋಗುತ್ತದೆ. ಬೆಣ್ಣಿಹಳ್ಳ, ಮಲಪ್ರಭೆ ಉಕ್ಕಿದ 2009 ಮತ್ತು 2019ರಂಥ ವರ್ಷಗಳಲ್ಲಿ ಪ್ರವಾಹವೇ ದಾರಿಗಳನ್ನು ಕೊಚ್ಚಿಹಾಕಿತು. ಮೊದಲು ನೀರು ಹೊರಗೆ ಹೋಗಬೇಕು, ಆಮೇಲೆ ದಪ್ಪನೆಯ ಗರಸು ಬೀಳಬೇಕು, ಅದರ ಮೇಲೆ ರೋಲರು ಓಡಬೇಕು. ಈ ಮೂರೂ ಆಗಿರುವ ಹೊಲದ ದಾರಿಯಲ್ಲಿ ಮಳೆ ನಿಂತ ಮಾರನೆಯ ದಿನವೇ ಉಳ್ಳಾಗಡ್ಡಿ ತುಂಬಿದ ಪಿಕಪ್ ಸರಪಳಿಯಿಲ್ಲದೆ ಹೊರಬರುತ್ತದೆ.