ಗೃಹ ತ್ಯಾಜ್ಯ ನೀರಿನ ಪೈಪುಗಳ ಗಾಳಿಕೊಳವೆ (ವೆಂಟ್ ಪೈಪ್): ಪರಿಶೀಲನೆ ಮತ್ತು ದುರಸ್ತಿ – ಕಡಕೊಳ ನಿವಾಸಿಗಳ ಮಾಹಿತಿಗಾಗಿ

ಮೈಸೂರು–ನಂಜನಗೂಡು ರಸ್ತೆಯಲ್ಲಿರುವ ಕಡಕೊಳ ಗ್ರಾಮ ಪಂಚಾಯಿತಿಯು 2020ರಲ್ಲಿ ಪಟ್ಟಣ ಪಂಚಾಯಿತಿಯಾಗಿ ಮೇಲ್ದರ್ಜೆಗೇರಿತು. ಹೀಗೆ ಬೆಳೆಯುತ್ತಿರುವ ಊರುಗಳಲ್ಲಿ ಒಂದು ಅಂತಸ್ತಿಗೆಂದು ಹಾಕಿದ ಪೈಪಿಗೇ ಮೇಲ್ಮಹಡಿಯ ಶೌಚಾಲಯವನ್ನೂ ಜೋಡಿಸುವುದುಂಟು. ಬಳಿಕ ಮನೆಯೊಳಗೆ ದುರ್ವಾಸನೆ ಕಾಣಿಸಿಕೊಂಡಾಗ ಅರ್ಜಿಯಲ್ಲಿ ‘ಚರಂಡಿ ಕಟ್ಟಿಕೊಂಡಿದೆ’ ಎಂದು ಬರೆಯಲಾಗುತ್ತದೆ. ಚರಂಡಿ ಸರಿಯಿದ್ದು ಗಾಳಿಕೊಳವೆ ಮಾತ್ರ ಕೆಟ್ಟಿರುವ ಸಾಧ್ಯತೆಯೂ ಇರುವುದರಿಂದ, ಅರ್ಜಿದಾರರು ಮೊದಲು ಈ ಕೆಳಕಂಡಂತೆ ಪರಿಶೀಲಿಸಿಕೊಳ್ಳುವುದು ಸೂಕ್ತ.

ಗಾಳಿಕೊಳವೆಯ ಕಾರ್ಯ

ಬಚ್ಚಲಿನ ನಹಾನಿ ಟ್ರ್ಯಾಪ್ ಹಾಗೂ ಕಮೋಡಿನ ಬಾಗಿದ ಭಾಗದಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ. ಕನಿಷ್ಠ 50 ಮಿ.ಮೀ. ಆಳದ ಈ ನೀರೇ ಪೈಪಿನೊಳಗಿನ ಅನಿಲವು ಮನೆಗೆ ಬಾರದಂತೆ ತಡೆಯುವ ಬಾಗಿಲು. ಮೇಲ್ಮಹಡಿಯಲ್ಲಿ ಒಮ್ಮೆಲೆ ಒಂದು ಬಕೆಟ್ ನೀರು ಸುರಿದಾಗ ಅದು ಪೈಪಿನಲ್ಲಿ ಇಳಿಯುತ್ತಾ ಮುಂದಿನ ಗಾಳಿಯನ್ನು ತಳ್ಳುತ್ತದೆ, ಹಿಂದಿನ ಗಾಳಿಯನ್ನು ಸೆಳೆಯುತ್ತದೆ. ತಾರಸಿಯ ಮೇಲೆ ತೆರೆದಿರುವ ಗಾಳಿಕೊಳವೆಯಿಂದ ಗಾಳಿ ದೊರೆತರೆ ತೊಂದರೆಯಿಲ್ಲ. ದೊರೆಯದಿದ್ದಲ್ಲಿ ಟ್ರ್ಯಾಪಿನ ನೀರೇ ಸೆಳೆದುಹೋಗಿ ಬಾಗಿಲು ತೆರೆದಂತಾಗುತ್ತದೆ.

ಪರಿಶೀಲಿಸುವ ಕ್ರಮ

ಮೊದಲಿಗೆ ವಾಸನೆ ಬರುವ ಟ್ರ್ಯಾಪಿಗೆ ಎರಡು ಚೊಂಬು ನೀರು ಹಾಕಬೇಕು. ವಾಸನೆ ನಿಂತು ಹಲವು ದಿನ ಮರುಕಳಿಸದಿದ್ದರೆ, ಬಳಸದ ಬಚ್ಚಲಿನಲ್ಲಿ ನೀರು ಒಣಗಿತ್ತೆಂದೇ ಅರ್ಥ. ಬೇಸಿಗೆಯಲ್ಲಿ ಬೀಗ ಹಾಕಿದ ಮನೆಗಳಲ್ಲಿ ಇದು ಸಹಜ. ವಾರಕ್ಕೊಮ್ಮೆ ನೀರು ಹಾಕಿದರೆ ಸಾಕು, ಅರ್ಜಿಯ ಅಗತ್ಯವಿಲ್ಲ.

ನೀರು ಹಾಕಿದ ನಂತರ ಮೇಲ್ಮಹಡಿಯ ಕಮೋಡಿನಲ್ಲಿ ಫ್ಲಶ್ ಮಾಡಿಸಿ, ಕೆಳಗಿನ ಟ್ರ್ಯಾಪನ್ನು ಗಮನಿಸಬೇಕು. ಗೊಳಗೊಳ ಸದ್ದಾಗಿ ನೀರಿನ ಮಟ್ಟ ಇಳಿದರೆ ಗಾಳಿಕೊಳವೆಯ ದೋಷವಿರುವ ಸಂಭವ ಹೆಚ್ಚು. ನೀರು ಉಕ್ಕಿ ಮೇಲೆ ಬಂದು ನಿಧಾನವಾಗಿ ಇಳಿದರೆ ಪೈಪ್ ಕಟ್ಟಿಕೊಂಡಿರಬಹುದು ಅಥವಾ ಸೆಪ್ಟಿಕ್ ಟ್ಯಾಂಕ್ ತುಂಬಿರಬಹುದು.

ನಂತರ ತಾರಸಿಯ ಪರಿಶೀಲನೆ. ಹಕ್ಕಿಗೂಡು, ಕಣಜದ ಗೂಡು, ಎಲೆಕಸ ಇವು ಸಾಮಾನ್ಯ ಅಡ್ಡಿಗಳು. ಹೊಸ ಮಹಡಿ ಕಟ್ಟುವಾಗ ಹಳೆಯ ಕೊಳವೆಯನ್ನು ಅಲ್ಲಿಯೇ ಕತ್ತರಿಸಿ ಗಾರೆಯಿಂದ ಮುಚ್ಚಿರುವುದೂ ಉಂಟು. ಇದನ್ನು ಮನೆ ಕಟ್ಟಿದ ಮೇಸ್ತ್ರಿಯನ್ನು ಕೇಳಿಯೇ ತಿಳಿಯಬೇಕಾಗುತ್ತದೆ.

ದುರಸ್ತಿ

ಮುಚ್ಚಿದ ಬಾಯಿಯನ್ನು ತೆರವುಗೊಳಿಸಿ ಕೌಲ್ (ರಂಧ್ರಗಳುಳ್ಳ ಟೋಪಿ) ಹಾಕಿಸತಕ್ಕದ್ದು. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ 9ನೇ ಭಾಗದಂತೆ ಕೊಳವೆಯ ತುದಿಯು ತಾರಸಿಯ ಪ್ಯಾರಾಪೆಟ್ ಗೋಡೆಗಿಂತ, ಹಾಗೂ 3 ಮೀಟರ್ ಅಂತರದೊಳಗಿನ ಯಾವುದೇ ಕಿಟಕಿಯ ಮೇಲಂಚಿಗಿಂತ, 1.5 ಮೀಟರ್ ಎತ್ತರದಲ್ಲಿರಬೇಕು. ನೆರೆಮನೆಯ ಕಿಟಕಿಯೂ ಇದರಲ್ಲಿ ಸೇರುತ್ತದೆಂಬುದನ್ನು ಅನೇಕರು ಮರೆಯುತ್ತಾರೆ. ಸೆಪ್ಟಿಕ್ ಟ್ಯಾಂಕಿಗೆ ಕನಿಷ್ಠ 50 ಮಿ.ಮೀ. ವ್ಯಾಸದ ಗಾಳಿಕೊಳವೆ ಇರಬೇಕು. ಅದರ ಬಾಯಿಗೆ ಸೊಳ್ಳೆ ಹೋಗದಂತೆ ಜಾಲರಿ ಕಟ್ಟಬೇಕು. ವಾಸನೆ ತಡೆಯಲೆಂದು ಪ್ಲಾಸ್ಟಿಕ್ ಚೀಲ ಕಟ್ಟುವುದರಿಂದ ಅದೇ ವಾಸನೆ ಮನೆಯೊಳಗೆ ಬರುತ್ತದೆ.

ಎಚ್ಚರಿಕೆ

ವಾಸನೆಯ ಮೂಲ ಹುಡುಕಲು ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ತೆರೆದು ಬಗ್ಗಿ ನೋಡುವುದಾಗಲಿ, ಬೆಂಕಿಕಡ್ಡಿ ಅಥವಾ ಅಗರಬತ್ತಿ ಹಿಡಿಯುವುದಾಗಲಿ ಸರ್ವಥಾ ಕೂಡದು. ಒಳಗಿನ ಮೀಥೇನ್ ಹೊತ್ತಿಕೊಳ್ಳುವ ಅನಿಲ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯೇ ಕುಂದುವುದರಿಂದ, ‘ಈಗ ವಾಸನೆಯಿಲ್ಲ’ ಎಂದು ಒಳಗಿಳಿದವರು ಪ್ರಜ್ಞೆ ತಪ್ಪುತ್ತಾರೆ; ಅವರನ್ನು ಎತ್ತಲು ಇಳಿದವರೂ ಹಾಗೆಯೇ ಸಾಯುತ್ತಾರೆ. ಟ್ಯಾಂಕನ್ನು ಯಂತ್ರದಿಂದಲೇ ಖಾಲಿ ಮಾಡಿಸತಕ್ಕದ್ದು. ಸುರಕ್ಷತಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸಿ ಅಪಾಯಕಾರಿಯಾಗಿ ಶುಚಿಗೊಳಿಸುವುದು 2013ರ ಮ್ಯಾನ್ಯುಯಲ್ ಸ್ಕ್ಯಾವೆಂಜರ್‌ಗಳ ನೇಮಕಾತಿ ನಿಷೇಧ ಮತ್ತು ಪುನರ್ವಸತಿ ಕಾಯ್ದೆಯಡಿ ಅಪರಾಧ. ಮೊದಲ ತಪ್ಪಿಗೆ 2 ವರ್ಷಗಳವರೆಗೆ ಕಾರಾವಾಸ, 2 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕೆಲಸಗಾರನೇ ಒಪ್ಪಿ ಇಳಿದನೆಂಬುದು ಮನೆ ಮಾಲೀಕರಿಗೆ ರಕ್ಷಣೆಯಾಗದು.

ಅರ್ಜಿ ಸಲ್ಲಿಸುವಾಗ

ನಿವೇಶನದ ಒಳಗಿನ ಪೈಪುಗಳ ದುರಸ್ತಿ ಮಾಲೀಕರ ಹೊಣೆ. ಬೀದಿಯ ಮ್ಯಾನ್‌ಹೋಲ್ ಉಕ್ಕುತ್ತಿದ್ದರೆ, ಅಥವಾ ಪೈಪಿಗಾಗಿ ರಸ್ತೆ ಅಗೆಯಬೇಕಿದ್ದರೆ ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಬೇಕು. ಅರ್ಜಿಯಲ್ಲಿ ಮನೆಯ ಸಂಪರ್ಕ ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ, ಅಂತಸ್ತುಗಳೆಷ್ಟು, ಯಾವ ಬಚ್ಚಲಿನಲ್ಲಿ ಎಂದಿನಿಂದ ತೊಂದರೆ, ಮೇಲಿನ ಪರೀಕ್ಷೆಯಲ್ಲಿ ಏನು ಕಂಡುಬಂತು ಎಂಬುದನ್ನು ನಮೂದಿಸಿದಲ್ಲಿ ಸ್ಥಳ ಪರಿಶೀಲನೆಗೆ ಬರುವ ಸಿಬ್ಬಂದಿ ತಕ್ಕ ಯಂತ್ರದೊಂದಿಗೇ ಬರಲು ಅನುಕೂಲವಾಗುವುದು. ಬಾಡಿಗೆದಾರರು ಅರ್ಜಿ ಸಲ್ಲಿಸುವಾಗ ಮಾಲೀಕರ ಒಪ್ಪಿಗೆ ಪತ್ರವನ್ನು ಲಗತ್ತಿಸುವುದು ಒಳಿತು.